ಬೀಗದ ಕೈ

ಬ್ರೈಲ್ ಫಲಕಗಳು ಬಂದದ್ದು ಶುಕ್ರವಾರ.
ಹದಿನಾಲ್ಕು. ಎಣಿಸಿ ಸಹಿ ಹಾಕಿದೆ.
ಶನಿವಾರ ಒಂದೊಂದನ್ನೂ ಒರೆಸಿ
ಪೀಚೆಕತ್ತಿಯ ಪಕ್ಕ, ಓಡಿಕತ್ತಿಯ ಪಕ್ಕ, ದುಡಿಯ ಪಕ್ಕ
ಗಾಜಿನ ಪೆಟ್ಟಿಗೆಯೊಳಗಿಟ್ಟು
ಬೀಗ ಜಡಿದೆ.
ಕಳ್ಳರ ಕಾಲ, ನೋಡಿ.

ಮಂಗಳವಾರ ಚೋಂದಮ್ಮ ಬಂದಳು,
ಗೋಣಿಕೊಪ್ಪದ ಬಸ್ಸಿಳಿದು, ಒಬ್ಬಳೇ.
ಬಿಳಿ ಕೋಲು ನಮ್ಮ ಮೆಟ್ಟಿಲೆಣಿಸುವ ಸದ್ದಿಗೆ
ನಾನು ಎದ್ದು ನಿಂತೆ.
'ಬ್ರೈಲ್ ಇದೆ ಎಂದಿರಲ್ಲ ಫೋನಿನಲ್ಲಿ, ಎಲ್ಲಿ?'
'ಇಲ್ಲೇ ಅಮ್ಮ, ನಿಮ್ಮ ಕಣ್ಣೆದುರೇ' ಅಂದುಬಿಟ್ಟೆ.
ಅವಳು ಗಾಜು ಸವರಿದಳು. ಮತ್ತೊಮ್ಮೆ ಸವರಿದಳು.
ಆಮೇಲೆ ನಕ್ಕಳು.
ಬೈದಿದ್ದರೆ ವಾಸಿಯಿತ್ತು.

ಇಪ್ಪತ್ತೆರಡು ವರ್ಷ ನನ್ನ ಸಂಬಳ ಒಂದೇ ಮಾತಿಗೆ:
ಮುಟ್ಟಬೇಡಿ.
ಶಾಲೆಯ ಮಕ್ಕಳಿಗೆ, ಮಧುಚಂದ್ರದ ಜೋಡಿಗಳಿಗೆ,
ಒಮ್ಮೆ ಒಬ್ಬ ಮಂತ್ರಿಗೂ, ಮೆಲ್ಲಗೆ.
ಕೊಡವತಕ್ಕ್, ಕನ್ನಡ, ಮಲಯಾಳ, ಅರ್ಧ ಹಿಂದಿ,
ಎಲ್ಲದರಲ್ಲೂ ಬರುತ್ತದೆ.
'ಮುಟ್ಟಿ' ಎನ್ನಲು ಮಾತ್ರ
ನಾಲಗೆ ತಡವರಿಸಿ, ಜೇಬು ತಡಕಿದೆ.
ಬೀಗದ ಕೈ ಸಾಹೇಬರ ಹತ್ತಿರ.
ಸಾಹೇಬರು ಮಡಿಕೇರಿಯಲ್ಲಿ, ಮೀಟಿಂಗು.

ಗಾಜಿಲ್ಲದ್ದು ಒಂದೇ, ಮೂಲೆಯ ವೀರಗಲ್ಲು:
ಯಾರೂ ಹೊತ್ತೊಯ್ಯಲಾಗದ್ದು.
ಅಲ್ಲಿಗೆ ಕರೆದೊಯ್ದೆ,
ಬಾಗಿಲ ಕಡೆ ಒಮ್ಮೆ ನೋಡಿ.

ಅವಳು ಮೊದಲು ಉಂಗುರ ಬಿಚ್ಚಿ
ನನ್ನ ಅಂಗೈಗಿಟ್ಟಳು,
ಕಲ್ಲಿಗೆ ಗೀರು ಬೀಳದಿರಲೆಂದು.
ಮೇಲೆ ಸೂರ್ಯ, ಚಂದ್ರ.
ಕುದುರೆ. ಒಂದು ಕಿವಿ ಮುರಿದಿದೆ.
ಮೊಣಕಾಲು, ಬಿಲ್ಲು, ಎತ್ತಿದ ಕೈ.
ಎಲ್ಲ ನನಗೆ ಬಾಯಿಪಾಠ.
ಆಮೇಲೆ ಬೆರಳು ಪಕ್ಕಕ್ಕೆ ಸರಿದವು,
ಗೋಡೆಗೂ ಕಲ್ಲಿಗೂ ನಡುವೆ,
ನನ್ನ ಪೊರಕೆಯೂ ಹೋಗದ ಸಂದಿಗೆ.

'ಇಲ್ಲಿ ತೋಡುಗಳಿವೆ. ಐದು. ದೋಣಿಯ ಹೊಟ್ಟೆಯಂತೆ.
ಮಸೆದದ್ದು ಇದು, ಅಣ್ಣ.
ನಮ್ಮ ಅಂಗಳದ ಕಲ್ಲಲ್ಲೂ ಹೀಗೇ,
ಕಾಡು ಸವರುವ ದಿನ ಅಪ್ಪ ಕೂತು ಮಸೆಯುತ್ತಿದ್ದ.'

ಫಲಕದಲ್ಲಿ ಅದಿಲ್ಲ.
ನನ್ನ ಇಪ್ಪತ್ತೆರಡು ವರ್ಷದಲ್ಲೂ ಇಲ್ಲ.
ಯಾರೋ ಗದ್ದೆಗೆ ಹೊರಟವನು
ವೀರನ ಪಕ್ಕೆಗೆ ಕುಡುಗೋಲು ತಿಕ್ಕಿ,
ಮೊನೆಯನ್ನು ಹೆಬ್ಬೆರಳಲ್ಲಿ ನೋಡಿ,
ಬತ್ತ ಕೊಯ್ಯಲು ಹೋಗಿದ್ದಾನೆ.
ಅವನನ್ನು ತಡೆಯಲು ಆಗ ನಾನಿರಲಿಲ್ಲ,
ಸದ್ಯ.

ಉಂಗುರ ನನ್ನಲ್ಲೇ ಉಳಿದದ್ದು ನೆನಪಾಗಿ
ಬಸ್‌ಸ್ಟ್ಯಾಂಡಿಗೆ ಓಡಿದೆ.
ಕಿಟಕಿಯಿಂದ ಕೈ ಚಾಚಿ ತೆಗೆದುಕೊಂಡಳು.
'ಮುಂದಿನ ಮಂಗಳವಾರ ಬೀಗದ ಕೈ ಇರುತ್ತದಾ?'

ಅರ್ಜಿ ಬರೆಯುತ್ತಿದ್ದೇನೆ ಸಾಹೇಬರಿಗೆ.
ಮಾನ್ಯರೇ,
ವಿಷಯ: ಗಾಜು.