ಎಡಕ್ಕೆ ತಿರುಗಿದಾಗ ಮಾತ್ರ

ಬಲಕ್ಕೆ ತಿರುಗಿಸಿದರೆ ಏನೂ ಇಲ್ಲ.
ಹುಲ್ಲಿನ ಮೇಲೂ ಇಲ್ಲ.
ಜಲ್ಲಿಹಾದಿಯಲ್ಲಿ, ಎಡಕ್ಕೆ ತಿರುಗಿದಾಗ ಮಾತ್ರ,
ಅದೂ ಮೂರನೆಯ ಸುತ್ತಿನಲ್ಲಿ,
ತ ಕ ದಿ ಮಿ, ತ ಕ ದಿ
ಒಂದು ಕೂದಲೆಳೆ ತಡವಾಗಿ
ಮಿ.

ಕಣ್ಣಿಗೆ ಬೀಳುವಂಥದ್ದಲ್ಲ. ಅಣ್ಣ ತೋರ್ಲೌಕುರ್
ಬೇಲಿಗೆ ಆನಿಕೊಂಡು ಅರ್ಧ ಗಂಟೆ ನೋಡಿ
ನಿನಗೆ ಭ್ರಮೆ ಅಂದ.
ನನ್ನದು ಇಪ್ಪತ್ತೇಳು ವರ್ಷ ಎಳೆಗುದುರೆ ಪಳಗಿಸಿದ ಕಿವಿ,
ಒಳಗೆ ಆಲೂಗಡ್ಡೆ ಸುಲಿಯುತ್ತಲೇ
ಹೊರಗೆ ಹೋಗುತ್ತಿರುವುದು ಯಾರ ಕುದುರೆ,
ಯಾವ ಲಾಳ ಸಡಿಲ ಎಂದು ಹೇಳಬಲ್ಲ ಕಿವಿ.

ಗ್ಯೋಲಾ ಎಂದು ಹೆಸರಿಟ್ಟವಳೂ ನಾನೇ.
ಬೇಸಿಗೆಯ ಸಂಜೆ ಸ್ಕಾಗಾಫ್ಯೋರ್ಡಿನ ನೀರಿನಿಂದ ಏಳುವ
ತೆಳುಗಾಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ.
ಇಲಿಬಣ್ಣ, ಬೆನ್ನುದ್ದಕ್ಕೂ ಕಪ್ಪು ಗೆರೆ,
ಇನ್ನೂ ಐದು ತುಂಬಿಲ್ಲ.
ಮೊದಲ ಸಲ ಜೀನು ಬಿಗಿದಾಗ
ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದಳು,
ಹೊಸ ಅಂಗಿಗೆ ಗುಂಡಿ ಹಾಕಿಸಿಕೊಳ್ಳುವ ಮಗುವಿನ ಹಾಗೆ.

ಡಾಕ್ಟರ್ ಔಸ್ಗೇರ್ ಎರಡು ಸಲ ಬಂದ.
ಇಕ್ಕಳದಲ್ಲಿ ಗೊರಸು ಒತ್ತಿ ನೋಡಿದ: ಬೆಚ್ಚಲಿಲ್ಲ.
ಕಾಲು ಮಡಿಸಿ ಹಿಡಿದು, ಬಿಟ್ಟು, ಓಡಿಸಿದ: ಓಡಿದಳು.
ಗೆಣ್ಣಿಗೊಂದು ಸೂಜಿ, ಮಂಡಿಗೊಂದು ಸೂಜಿ,
ಕೀಲುಗಳನ್ನು ಒಂದೊಂದಾಗಿ ಮಲಗಿಸುತ್ತ ಮೇಲೇರಿದ,
ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತ ಹೋಗಿ
ಯಾವುದು ಗುಂಯ್‌ಗುಡುತ್ತಿದೆ ಎಂದು ಹುಡುಕುವವನಂತೆ.
ಕಾಲಿಡೀ ಮಲಗಿತು.
ಮಿ ತಡವಾಗಿಯೇ ಬಂತು.
ಎಕ್ಸ್‌ರೇಯಲ್ಲಿ ಮೂಳೆಗಳು ತೊಳೆದಿಟ್ಟ ಪಿಂಗಾಣಿ.
ಏನೂ ಇಲ್ಲ ಅಂದ, ಮುಖ ಸಪ್ಪೆ ಮಾಡಿಕೊಂಡು.
ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು
ಇಬ್ಬರಿಗೂ ಅನ್ನಿಸಿತು.

ಲಾಳ ಕಿತ್ತೆವು, ಹೊಡೆದೆವು, ಮತ್ತೆ ಕಿತ್ತೆವು.
ಜೀನು ಬದಲಿಸಿದೆ. ಹಲ್ಲಿಗೆ ಅರ ಹಾಕಿಸಿದೆ.
ಆರು ವಾರ ಸುಮ್ಮನೆ ಮೇಯಲು ಬಿಟ್ಟೆ.

ಸೆಪ್ಟೆಂಬರ್. ಕುರಿ ಇಳಿಸಲು ಎಲ್ಲರೂ ಬೆಟ್ಟಕ್ಕೆ ಹೋಗಿ ಬಂದರು.
ತೋರ್ಲೌಕುರ್ ಕಾಫಿ ಕಲಕುತ್ತ,
ಮುಂದಿನ ತಿಂಗಳು ಲಾರಿ ಬರುತ್ತದೆ, ಅಂದ.
ಯಾವ ಲಾರಿ ಎಂದು ಐಸ್‌ಲ್ಯಾಂಡಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.
ನಾನೂ ಆ ಮಾಂಸ ತಿಂದು ಬೆಳೆದವಳೇ,
ಹೊಗೆಗೆ ಹಿಡಿದದ್ದು, ಬಿಳಿ ಸಾಸಿನಲ್ಲಿ.
ಆ ರಾತ್ರಿ ತಟ್ಟೆ ಹಾಗೇ ಬಿಟ್ಟೆ.

ಪಕ್ಕದ ಮನೆಯ ಸ್ವಾಲಾ, ಹನ್ನೊಂದು ವರ್ಷ,
ಒಂದು ದಿನ ಹೇಳದೆ ಕೇಳದೆ ಬರಿಬೆನ್ನಿಗೆ ಹತ್ತಿಬಿಟ್ಟಳು.
ನಾನು ಬಟ್ಟೆ ಒಣಹಾಕುತ್ತಿದ್ದೆ.
ಬಾಯಲ್ಲಿ ಕ್ಲಿಪ್ಪು, ಬೈಯಲಾಗಲಿಲ್ಲ.
ಜಲ್ಲಿಹಾದಿ. ಎಡಕ್ಕೆ. ಒಂದು. ಎರಡು. ಮೂರು.
ತ ಕ ದಿ ಮಿ
ತ ಕ ದಿ ಮಿ
ಅಂಚಿನವರೆಗೆ ತುಂಬಿದ ಲೋಟದಿಂದ
ಹನಿಯೂ ಚೆಲ್ಲದ ಹಾಗೆ.

ಆಗ ಹೊಳೆಯಿತು ಎಂದರೆ ಸುಳ್ಳು. ಗೊತ್ತೇ ಇತ್ತು.
ಹೆಪ್ಪುಗಟ್ಟಿದ ಹೊಳೆಯ ಮೇಲೆ ಬಿದ್ದ ವರ್ಷದಿಂದ
ನನ್ನ ಎಡ ಬೂಟು ಹೊರಬದಿಗೇ ಸವೆಯುತ್ತದೆ.
ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತೇನೆ,
ಯಾರಾದರೂ ನೋಡಿದರೆ
ಗೋಡೆಯ ಫೋಟೋ ನೆಟ್ಟಗೆ ಮಾಡುತ್ತೇನೆ.
ಕಾಲು ಕಾಲನ್ನೂ ತಡಕಿದೆವು;
ಮೇಲೆ ಕೂತವಳ ಸೊಂಟಕ್ಕೆ
ಯಾರೂ ಸೂಜಿ ಚುಚ್ಚಲಿಲ್ಲ.

ಇಲ್ಲಿಗೆ ಮುಗಿಸಿಬಿಡಬಹುದಿತ್ತು.
ಆದರೆ ಗುರುವಾರ, ಸ್ವಾಲಾ ಮೇಲಿದ್ದಾಗಲೇ,
ಒಂದು ಸಲ, ಒಂದೇ ಸಲ, ತಡವಾಯಿತು.
ಕಲ್ಲಿರಬಹುದು. ಚಳಿ ಇರಬಹುದು.
ನನ್ನನ್ನು ಹೊತ್ತು ಕಲಿತದ್ದಿರಬಹುದು.

ಲಾರಿ ಬಂತು, ಬೇರೆಯವರ ಅಂಗಳಕ್ಕೆ ಹೋಯಿತು.
ರಿಕಾಪಿನ ಪಟ್ಟಿಯನ್ನು ಸ್ವಾಲಾಳ ಅಳತೆಗೆ ಗಿಡ್ಡ ಮಾಡಿದೆ,
ಚರ್ಮಕ್ಕೆ ಹೊಸ ತೂತು ಕೊರೆದು.

ಅವಳು ಶಾಲೆಗೆ ಹೋದ ದಿನಗಳಲ್ಲಿ
ಹಗ್ಗ ಹಿಡಿದು ಗ್ಯೋಲಾಳ ಜೊತೆ ನಡೆಯುತ್ತೇನೆ.
ನಾನು ನಿಧಾನ. ಅವಳು ಕಾಯುತ್ತಾಳೆ.
ಜಲ್ಲಿಯ ಮೇಲೆ ಆರು ಕಾಲು.
ಕಿವಿಗೊಟ್ಟು ಕೇಳುತ್ತೇನೆ,
ತಡವಾದದ್ದು ಯಾರದು
ಹೇಳಲಾಗುವುದಿಲ್ಲ.