ಉಳಿದ ಒಂದು ಸ್ಕ್ರೂ

ಮೊದಲು ವಾಸನೆ. ತಳ ಹಿಡಿದ ಬೆಲ್ಲದ ಪಾಕದ ಹಾಗೆ.
ಆಮೇಲೆ ಗಾಜಿಗೆ ಒಳಗಿಂದಲೇ ಮಂಜು,
ಎಲ್ವಿನ್ ಕಾಲಡಿಯ ಮ್ಯಾಟು ಒದ್ದೆ.
"ನಾನಲ್ಲ" ಅಂದ ಅವನು, ಕೇಳುವ ಮೊದಲೇ.

ಉಪ್ಪಳ್ಳಿಯ ದಸ್ತಗೀರ್ ಬೆರಳದ್ದಿ ಮೂಸಿದರು.
"ಹೀಟರ್ ಕೋರ್ ತೂತಾಗಿದೆ ಅಕ್ಕಾ.
ಎರಡೂ ಪೈಪು ಸೇರಿಸಿ ಬಿಗಿದುಬಿಡ್ತೀನಿ, ಇನ್ನೂರು ರೂಪಾಯಿ.
ಈ ಹಳೇ ಪಿಕಪ್ಪಿಗೆ ಹೀಟರ್ ಯಾಕೆ?"

ಬೆಳಗಿನ ನಾಲ್ಕಕ್ಕೆ ಬ್ರೆಡ್ಡಿನ ಟ್ರೇ ತುಂಬಿಕೊಂಡು
ವಸ್ತಾರೆ ದಾಟುವಾಗ
ಆ ಸಣ್ಣ ಕಿಂಡಿಗೆ ಎರಡೂ ಪಾದ ಒಡ್ಡಿ
ನಿದ್ದೆ ಹೋಗುವವನು ಒಬ್ಬನಿದ್ದಾನೆ.
ಅದನ್ನು ಹೇಳಲಿಲ್ಲ. "ಬಿಚ್ಚಿ" ಅಂದೆ.

ಅಂಗೈಯಗಲದ ಡಬ್ಬಿಗಾಗಿ ಇಡೀ ಡ್ಯಾಶ್‌ಬೋರ್ಡು ಹೊರಗೆ ಬಂತು.
ಸ್ಪೀಡಿನ ಮುಳ್ಳು ಸೀಟಿನ ಮೇಲೆ ಮಲಗಿ
ನಿಂತಲ್ಲೇ ನಲವತ್ತು ತೋರಿಸುತ್ತಿತ್ತು.
ಹಿಂದೆ ಸಿಕ್ಕಿದ್ದು ನಾಲ್ಕಾಣೆ, ಇಲಿ ಕಟ್ಟಿದ ಹತ್ತಿಗೂಡು,
ಮತ್ತೆ, ಹಳೇ ಮಾಲೀಕರ ಮಗುವಿನದಿರಬೇಕು,
ಒಂದು ಹಾಲುಹಲ್ಲು.
ದಸ್ತಗೀರ್ ಒರೆಸಿ ಬಾನೆಟ್ ಮೇಲಿಟ್ಟರು.

ಹೊಸ ಕೋರ್ ಎಲ್ಲೂ ಸಿಗಲಿಲ್ಲ. ಹಳೆಯದಕ್ಕೇ ಬೆಸುಗೆ.
ಬಕೆಟ್ಟಿನಲ್ಲಿ ಮುಳುಗಿಸಿ, ಪೈಪಿಗೆ ಬಾಯಿಟ್ಟು ಊದಿದರು.
ಒಂದು ಗುಳ್ಳೆ.
ಮತ್ತೆ ಬೆಸುಗೆ, ಮತ್ತೆ ಊದು.
ಊದುವವರು ಅವರು, ಉಸಿರು ಕಟ್ಟಿ ನಿಂತವರು ನಾವು.

ಎಲ್ಲ ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು.
"ಕಂಪನಿಯವರು ಒಂದು ಜಾಸ್ತಿ ಹಾಕಿರ್ತಾರೆ" ಅಂದರು,
ನನ್ನ ಮುಖ ನೋಡದೆ.

ಈಗ ಆಲ್ದೂರಿನ ತಿರುವು ಬಂದಾಗಲೆಲ್ಲ
ಆಶ್‌ಟ್ರೇಯಲ್ಲಿ ಆ ಹಲ್ಲೂ ಈ ಸ್ಕ್ರೂವೂ
ಒಂದಕ್ಕೊಂದು ತಾಗಿ ಟಿಕ್ ಅನ್ನುತ್ತವೆ.
ಎಲ್ವಿನ್ ಒಂದು ಚಪ್ಪಲಿ ಕಳಚಿದ.
ಇನ್ನೊಂದು ಕಳಚುವಷ್ಟರಲ್ಲಿ
ನಿದ್ದೆ.