ಹನ್ನೊಂದು ಸೆಕೆಂಡು

ಡೋರ್ಕಸ್ ಬರ್ಸಿ ಮೂವತ್ತೊಂದು ವರ್ಷ
ನಾಚಿಕೆಯ ಬೆನ್ನು ಹತ್ತಿದ್ದಳು.
ಕೆನ್ನೆ ಕೆಂಪಾಗುವ ನಾಚಿಕೆಯಲ್ಲ;
ನೆಲ ಬಿರಿದು ನುಂಗಬಾರದೆ ಅನ್ನಿಸುತ್ತದಲ್ಲ,
ಅದು.

ಸೇಂಟ್ ಜಾನ್ಸ್‌ನ ವಿಶ್ವವಿದ್ಯಾಲಯದಲ್ಲಿ
ಕಿಟಕಿಯಿಲ್ಲದ ಕೋಣೆ. ಬಾಗಿಲ ಮೇಲೆ ಹೆಸರು,
ಹೆಸರಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದು:
'ಒಳಗೆ ಬರಲು ನಾಚಬೇಡಿ.'
ಅವಳು ಅಳಿಸಲಿಲ್ಲ.

ಟೇಪು ಕೇಳಿ ಟೈಪು ಮಾಡುವುದು ನನ್ನ ಕೆಲಸ,
ಗಂಟೆಗಿಷ್ಟು ಅಂತ.
ಕೆಮ್ಮಿದರೆ 'ಕೆಮ್ಮು' ಅಂತ ಬರೆಯಬೇಕು,
ನಕ್ಕರೆ 'ನಗು'.
ಅತ್ತರೆ ಬರೆಯಕೂಡದು, 'ವಿರಾಮ' ಅನ್ನಬೇಕು.
ಅವಳದೇ ನಿಯಮ.

ಕಾಡ್ ಮೀನಿಗೆ ಬಲೆ ಬೀಸಬಾರದೆಂದು
ಸರ್ಕಾರ ಸಾರಿದ ವರ್ಷದಿಂದ ಶುರು.
ಅಂಗಳದಲ್ಲಿ ಬೋರಲು ಬಿದ್ದ ದೋಣಿಗಳು.
ಟೇಪು ಒಂಬತ್ತು, ಹಾರ್ವೀ ಪೆನ್ನಿ:
'ಪರಿಹಾರದ ಚೆಕ್ಕು ಬಂದ ದಿನ
ಅಂಚೆ ಕಚೇರಿಗೆ ಹಿಂದಿನ ದಾರಿ ಹಿಡಿದೆ.
ಊರಿಗೆ ಊರೇ ಅಲ್ಲಿತ್ತು, ಹಿಂದಿನ ದಾರಿಯಲ್ಲಿ.
ಯಾರೂ ಯಾರ ಮುಖವನ್ನೂ ನೋಡಲಿಲ್ಲ.'
ನಗು.

ಟೇಪು ನಲವತ್ತಾರು ಮೀನು ಕಾರ್ಖಾನೆಯವಳದು.
ಕೆಲಸ ಹೋಗಿ ಎರಡು ವರ್ಷವಾದರೂ
ಬೆಳಿಗ್ಗೆ ಆರಕ್ಕೆ ರಬ್ಬರ್ ಬೂಟು ತೊಟ್ಟು
ಕಾರಿನೊಳಗೆ ಕೂತಿರುತ್ತಿದ್ದಳಂತೆ
ಎದುರುಮನೆಯ ದೀಪ ಆರುವ ತನಕ.

ಇವನ್ನೆಲ್ಲ ಡೋರ್ಕಸ್ ಒಂದರಿಂದ ಐದರವರೆಗೆ ಅಳೆದಳು.
ಹೋದ ಮಾನಕ್ಕೂ ಒಂದು ಮಾನ ಬೇಕಲ್ಲ,
ಕಾಳು ಅಳೆಯುವ ಹಾಗೆ.
'ಇದೂ ಒಂದು ವಿಷಯವೇ?' ಅಂದಿದ್ದ ಡೀನ್
ಒಂದು ಸಂಜೆ ಎಲ್ಲರೂ ಹೋದ ಮೇಲೆ ಬಂದು
ಬಾಗಿಲು ಹಾಕಿಕೊಂಡು ತನ್ನ ಮಗನ ಸುದ್ದಿ ಹೇಳಿದ.
ಅದು ಟೇಪಿನಲ್ಲಿಲ್ಲ. ಗೋಡೆ ತೆಳು.

ಆಮೇಲೆ ಅವಳ ಅಳತೆಪಟ್ಟಿ ಸಮುದ್ರ ದಾಟಿತು.
ವೇದಿಕೆಯ ಮೇಲೆ ಅವಳು ಹೇಳುತ್ತಿದ್ದಳು:
ಮುಚ್ಚಿಟ್ಟರೆ ಹುಳಿ ಬರುತ್ತದೆ,
ಒಬ್ಬರಿಗಾದರೂ ಹೇಳಿಕೊಳ್ಳಿ.
ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.
ಕೊನೆಯ ಸಾಲಿನಲ್ಲಿ ನನಗೆ ನೂರ ಹನ್ನೆರಡರ ನೆನಪು.

ಟೇಪು ನೂರ ಹನ್ನೆರಡು. ಪಿಂಚರ್ಸ್ ಆರ್ಮ್.
ಸೆಲೀನಾ ಟಿಲ್ಲಿ, ಎಂಬತ್ತು ದಾಟಿದ ಗಂಟಲು,
ತನ್ನದೆಲ್ಲ ಹೇಳಿ ಮುಗಿಸಿ ಚಹಾ ಬಗ್ಗಿಸುತ್ತ:
'ಇನ್ನು ನಿನ್ನ ಸರದಿ, ಮಗಳೆ. ನಿನ್ನದೇನು?'

ಹನ್ನೊಂದು ಸೆಕೆಂಡು.
ಗಡಿಯಾರ ಇದೆ, ಚಮಚ ಇದೆ,
ದೂರದಲ್ಲಿ ಯಾರದೋ ನಾಯಿ ಇದೆ.
ಆಮೇಲೆ ಟಕ್.
ಗುಂಡಿ ಒತ್ತಿದವಳು ಅವಳೇ.

ಏನಂತ ಬರೆಯುವುದು?
ಅವತ್ತು ಆ ಜಾಗ ಖಾಲಿ ಬಿಟ್ಟೆ.

ನಿವೃತ್ತಿಯ ದಿನ ಕೇಕು, ಕಾಗದದ ತಟ್ಟೆ.
ಟೇಪಿನ ಡಬ್ಬಗಳನ್ನು ಲಿಫ್ಟಿಗೆ ತುಂಬಿದೆವು.
ಯಾರೂ ಕೇಳಿರಲಿಲ್ಲ.
ಬಾಗಿಲ ಮೇಲಿನ ಅಂಕಿ ನೋಡುತ್ತ ಅವಳೇ ಅಂದಳು:

'ಬಹುಮಾನ ಕೊಡುವ ದಿನ ಅಪ್ಪ ಶಾಲೆಗೆ ಬಂದಿದ್ದ.
ಅಕ್ಷರ ಬಾರದವನು, ಮೀನೆಣ್ಣೆ ನಾರುವ ಕೋಟು.
ಯಾರವರು ಅಂತ ಟೀಚರು ಕೇಳಿದರು.
ನಮ್ಮ ದೋಣಿಯ ಆಳು ಅಂದೆ.
ಅಪ್ಪನಿಗೆ ಕೇಳಿಸಿತು.
ಟೋಪಿ ತೆಗೆದು, ಗೋಡೆಗೆ ಸರಿದು,
ಆಳಿನ ಹಾಗೆಯೇ ನಿಂತುಕೊಂಡ
ಕಾರ್ಯಕ್ರಮ ಮುಗಿಯುವ ತನಕ,
ನನ್ನ ಮಾತು ಸುಳ್ಳಾಗಬಾರದಲ್ಲ.'

ಕೆಳಮಹಡಿ ಬಂತು. ಬಾಗಿಲು ತೆರೆಯಿತು.
'ಐದರಲ್ಲಿ ಎಷ್ಟು?' ಅಂದುಬಿಟ್ಟೆ, ಬಾಯಿ ತಪ್ಪಿ.
ಯಾರೂ ಕಾಲು ಹೊರಗಿಡಲಿಲ್ಲ.
ಬಾಗಿಲು ಮುಚ್ಚಿತು ಮತ್ತೆ;
ಮೇಲೆ ಯಾರೋ ಕರೆದಿದ್ದರು ಲಿಫ್ಟನ್ನು.

ಅವಳು ಕೋಟಿನ ತೋಳಿನಿಂದ ಮೂಗೊರೆಸಿಕೊಂಡಳು.
ಭುಜ ಅಲುಗುತ್ತಿತ್ತು.
ನಗುವೂ ಇರಬಹುದು, ನನಗೆ ಕಂಡದ್ದು ಬೆನ್ನು ಮಾತ್ರ.
ವಿರಾಮ, ಅಂದುಕೊಂಡೆ.
ಎರಡು. ಮೂರು.
ನಾಲ್ಕನೆಯ ಮಹಡಿ.